ಹೊಳೆ ಹಿಡಿದು ಹೊರಡಿ: ಉಡುಪಿ ಸುತ್ತಲಿನ ಕಡಲ ದಾರಿ, ಹಳ್ಳಿ ದಾರಿ

ಪ್ರಶ್ನೆ: ನಾವು ದಾವಣಗೆರೆಯವರು. ಅಕ್ಟೋಬರ್ ಕೊನೆಯಲ್ಲಿ ನಮ್ಮ ಕಾರಿನಲ್ಲೇ ಉಡುಪಿಗೆ ಬಂದು ಮೂರು ರಾತ್ರಿ ಉಳಿಯುತ್ತೇವೆ. ಜೊತೆಗೆ ನನ್ನ ಅತ್ತೆ, ಮಾವ ಮತ್ತು ಎಂಟು ವರ್ಷದ ಮಗಳು. ಕೃಷ್ಣಮಠ, ಮಲ್ಪೆ ಬೀಚು ಎಲ್ಲ ಹಿಂದೆ ನೋಡಿದ್ದೇವೆ. ಈ ಸಲ ಸುಮ್ನೆ ಕಾರಿನಲ್ಲಿ ಕಡಲ ಪಕ್ಕದ ರಸ್ತೆ, ಹಳ್ಳಿ ರಸ್ತೆ ಸುತ್ತಬೇಕು ಅಂತ ಆಸೆ. ಯಾವ ದಾರಿ ಹಿಡಿಯಬೇಕು, ಯಾವ ಹೊತ್ತಿಗೆ ಹೋಗಬೇಕು? ಕಾರು ಓಡಿಸುವವಳು ನಾನೇ. ಘಾಟಿಯಲ್ಲಿ ಓಡಿಸಿ ಅಷ್ಟು ಅಭ್ಯಾಸವಿಲ್ಲ.

ಉತ್ತರ:

ಮೊದಲು ಹೈವೇ ವಿಷಯ ಮುಗಿಸಿಬಿಡೋಣ. ಕರಾವಳಿ ಡ್ರೈವ್ ಅಂದ ಕೂಡಲೇ ಎಲ್ಲರೂ ಹೆಸರು ಹೇಳುವುದು ರಾಷ್ಟ್ರೀಯ ಹೆದ್ದಾರಿ 66ರದ್ದು. ನಾಲ್ಕು ಪಥವಾದ ಮೇಲೆ ಊರಿಂದ ಊರಿಗೆ ಬೇಗ ಮುಟ್ಟಲು ಅದು ಒಳ್ಳೆಯ ರಸ್ತೆಯೇ. ಆದರೆ ನೋಡುತ್ತಾ ಹೋಗುವ ರಸ್ತೆ ಅಲ್ಲ. ಮಂಗಳೂರಿನಿಂದ ಕುಂದಾಪುರದವರೆಗೆ ಅದು ಕಡಲಿನಿಂದ ಸ್ವಲ್ಪ ಒಳಗೇ ಸಾಗುತ್ತದೆ. ಕಣ್ಣಿಗೆ ಬೀಳುವುದು ಅಂಗಡಿ, ಶೋರೂಮು, ಮೇಲ್ಸೇತುವೆ, ಟ್ಯಾಂಕರು. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಬೇರೆ. ಹೆಜಮಾಡಿ, ಸಾಸ್ತಾನಗಳಲ್ಲಿ ಟೋಲ್ ಕೊಟ್ಟು ಇದನ್ನು ನೋಡಲು ದಾವಣಗೆರೆಯಿಂದ ಬರಬೇಕಾಗಿಲ್ಲ, ಅಲ್ವಾ? ಹೈವೇಯನ್ನು ಒಂದು ಒಳದಾರಿಯಿಂದ ಇನ್ನೊಂದಕ್ಕೆ ದಾಟಲು ಮಾತ್ರ ಬಳಸಿ. ಅದಕ್ಕಾಗಿಯೇ ಹೋಗಬೇಕಾದ ಜಾಗ ಅದರ ಮೇಲೆ ಎರಡೇ ಇವೆ: ಮರವಂತೆ ಮತ್ತು ಬೈಂದೂರಿನ ಒತ್ತಿನೆಣೆ. ಅವನ್ನು ಕೊನೆಯ ದಿನಕ್ಕೆ ಇಟ್ಟಿದ್ದೇನೆ.

ಇಲ್ಲಿ ದಾರಿ ಆರಿಸಲು ನಾನು ಬಳಸುವ ಲೆಕ್ಕ ಒಂದೇ. ಹೊಳೆ ಯಾವ ಕಡೆ ಹೋಗುತ್ತದೋ ಆ ಕಡೆಯ ರಸ್ತೆ ಹಿಡಿಯುವುದು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಗೊತ್ತಾದರೆ ಮ್ಯಾಪ್ ನೋಡಿ ದಾರಿಯನ್ನು ನೀವೇ ಹುಡುಕಿಕೊಳ್ಳಬಹುದು.

ನಮ್ಮಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ಜಾಸ್ತಿ ದೂರವಿಲ್ಲ. ಹೊಳೆಗಳೆಲ್ಲ ಗಿಡ್ಡ. ಘಟ್ಟದಿಂದ ಜೋರಾಗಿ ಇಳಿದು, ಗದ್ದೆ ಬೈಲಿಗೆ ಬಂದ ಮೇಲೆ ನಿಧಾನವಾಗುತ್ತವೆ. ಕಡಲು ಇನ್ನೇನು ಸಿಕ್ಕಿತು ಅನ್ನುವಾಗ ಅಲೆಗಳು ತಂದು ಒಟ್ಟಿದ ಮರಳಿನ ದಿಣ್ಣೆ ಅಡ್ಡ ಬರುತ್ತದೆ. ಅದನ್ನು ಒಡೆದು ನುಗ್ಗಲು ನಿಧಾನವಾದ ಹೊಳೆಗೆ ಬಲ ಸಾಲದು. ಹಾಗಾಗಿ ಅದು ತಿರುಗಿ, ದಿಣ್ಣೆಯ ಹಿಂದೆಯೇ ಕಡಲಿಗೆ ಸಮನಾಗಿ ಕಿಲೋಮೀಟರ್‌ಗಟ್ಟಲೆ ಹರಿದು, ಬಾಗಿಲು ಸಿಕ್ಕಲ್ಲಿ ಕಡಲು ಸೇರುತ್ತದೆ. ಆ ಜಾಗಕ್ಕೆ ನಾವು ಅಳಿವೆ ಅನ್ನುತ್ತೇವೆ. ಮಂಗಳೂರಿನಲ್ಲಿ ಗುರುಪುರ ಹೊಳೆ ತಣ್ಣೀರುಬಾವಿಯ ಹಿಂದೆ ದಕ್ಷಿಣಕ್ಕೆ ತಿರುಗಿ ನೇತ್ರಾವತಿಯನ್ನು ಸೇರುವುದು ಹೀಗೆಯೇ. ನಂದಿನಿ ಹೊಳೆ ಸಸಿಹಿತ್ಲಿನ ಹಿಂದೆ ಉತ್ತರಕ್ಕೆ ಹರಿದು ಶಾಂಭವಿಯನ್ನು ಸೇರುತ್ತದೆ. ಉದ್ಯಾವರ ಹೊಳೆ ಉತ್ತರಕ್ಕೆ ಸಾಗಿ ಮಲ್ಪೆಯಲ್ಲಿ ಕಡಲು ಕಾಣುತ್ತದೆ. ಸ್ವರ್ಣಾ ನದಿ ಕೆಮ್ಮಣ್ಣು, ಹೂಡೆ ದಾಟಿ ಕೋಡಿಬೆಂಗ್ರೆಯವರೆಗೆ ಹೋಗಿ ಸೀತಾನದಿಯನ್ನು ಕೂಡಿಕೊಳ್ಳುತ್ತದೆ. ಮರವಂತೆಯ ಸೌಪರ್ಣಿಕೆಯಂತೂ ಕಡಲನ್ನು ಮುಟ್ಟುವಷ್ಟು ಹತ್ತಿರ ಬಂದು ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯಲ್ಲಿ ಸೇರುತ್ತದೆ. ಹೊಳೆ ಮತ್ತು ಕಡಲಿನ ನಡುವೆ ಉಳಿಯುವ ಆ ಸಣ್ಣ ಪಟ್ಟಿಯ ಮೇಲೆ ಮೀನುಗಾರರ ಮನೆಗಳು, ತೆಂಗಿನ ತೋಟ ಮತ್ತು ಒಂದು ರಸ್ತೆ ಇರುತ್ತದೆ. ಒಂದು ಕಿಟಕಿಯಲ್ಲಿ ಅಲೆ, ಇನ್ನೊಂದರಲ್ಲಿ ನಿಂತ ನೀರಿನಂಥ ಹೊಳೆ. ನೀವು ಹುಡುಕುತ್ತಿರುವುದು ಇದನ್ನೇ.

ನೀವು ದಾವಣಗೆರೆಯಿಂದ ಬರುವವರು. ಹಾಗಾಗಿ ಒಂದು ಹೊಳೆಯ ಜೊತೆ ಇಳಿದು ಇನ್ನೊಂದು ಹೊಳೆಯ ಜೊತೆ ಹತ್ತಬಹುದು. ಬರುವಾಗ ಆಗುಂಬೆಯ ಸೀತಾನದಿ, ಹೋಗುವಾಗ ಕೊಡಚಾದ್ರಿಯ ಸೌಪರ್ಣಿಕೆ. ನಡುವಿನ ಎರಡು ದಿನ ಉಡುಪಿ ಸುತ್ತಮುತ್ತ.

ಬರುವ ದಿನ ಬೆಳಿಗ್ಗೆ ಐದಕ್ಕೆ ಮನೆ ಬಿಡಿ. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಹತ್ತು, ಹತ್ತೂವರೆಗೆ ಆಗುಂಬೆ ಮುಟ್ಟುತ್ತೀರಿ. ಆಗುಂಬೆಯ ಸೂರ್ಯಾಸ್ತ ನೋಡಲೇಬೇಕು ಅಂತ ಹೇಳುವವರು ತುಂಬಾ ಜನ ಸಿಗುತ್ತಾರೆ. ಈ ಸಲ ಅದನ್ನು ಬಿಟ್ಟುಬಿಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಸೂರ್ಯಾಸ್ತ ಮುಗಿಯುವ ಹೊತ್ತಿಗೆ ಅಲ್ಲಿ ರಸ್ತೆಯ ಎರಡೂ ಬದಿ ಕಾರು ನಿಂತಿರುತ್ತವೆ, ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮಂಜು ಇಳಿದರೆ ಮುಂದಿನ ತಿರುವೇ ಕಾಣುವುದಿಲ್ಲ. ಘಾಟಿ ಅಭ್ಯಾಸ ಇಲ್ಲದವರು ಕತ್ತಲಲ್ಲಿ ಅದನ್ನು ಇಳಿಯಬಾರದು. ಕಡಲ ಮೇಲೆ ಮುಳುಗುವ ಸೂರ್ಯ ನಿಮಗೆ ಮರುದಿನ ಹೇಗೂ ಸಿಗುತ್ತಾನೆ.

ಹಗಲಿನಲ್ಲಿ ಆಗುಂಬೆ ಘಾಟಿ ಭಯಪಡುವಂಥದ್ದಲ್ಲ. ಘಾಟಿಯ ಬುಡದ ಸೋಮೇಶ್ವರ ಮುಟ್ಟುವ ತನಕ 14 ಹೇರ್‌ಪಿನ್ ತಿರುವುಗಳಿವೆ. ತಿರುವು ಇಕ್ಕಟ್ಟಾದ ಕಾರಣ ದೊಡ್ಡ ಬಸ್ಸು, ಭಾರೀ ಲಾರಿ ಇಲ್ಲಿ ಬರುವುದಿಲ್ಲ. ಮಿನಿ ಬಸ್ಸುಗಳೇ ಓಡಾಡುವುದು. ಹೊಸಬರಿಗೆ ಇದು ದೊಡ್ಡ ಅನುಕೂಲ. ಇಳಿಯುವ ಮೊದಲೇ ಎರಡನೇ ಗೇರಿಗೆ ಬನ್ನಿ, ತಿರುವಿನಲ್ಲಿ ಬೇಕಾದರೆ ಒಂದನೆಯದಕ್ಕೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಅಂತ ಇಲ್ಲಿನ ಡ್ರೈವರುಗಳು ಕಲಿಸುವುದು. ಕಾರನ್ನು ಇಂಜಿನ್ನೇ ಹಿಡಿದಿಡುತ್ತದೆ, ಬ್ರೇಕಿಗೆ ಸ್ವಲ್ಪವೇ ಕೆಲಸ ಬೀಳುತ್ತದೆ. ಆಟೋಮ್ಯಾಟಿಕ್ ಕಾರಾದರೆ ಮ್ಯಾನುವಲ್ ಅಥವಾ ಲೋ ಗೇರಿಗೆ ಹಾಕಿಕೊಳ್ಳಿ. ಕಾಲನ್ನು ಬ್ರೇಕಿನ ಮೇಲೆ ಒತ್ತಿ ಇಟ್ಟುಕೊಂಡೇ ಇಳಿದರೆ ಬ್ರೇಕು ಕಾದು ಸುಟ್ಟ ವಾಸನೆ ಬರುತ್ತದೆ. ಹಾಗೇನಾದರೂ ಆದರೆ ಅಗಲ ಇರುವ ಕಡೆ ನಿಲ್ಲಿಸಿ, ತಣ್ಣಗಾಗುವ ತನಕ ಕಾಯಿರಿ. ನ್ಯೂಟ್ರಲ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಇಕ್ಕಟ್ಟಾದ ಜಾಗದಲ್ಲಿ ಎದುರಿನಿಂದ ಹತ್ತಿ ಬರುವ ಗಾಡಿ ಕಂಡರೆ ನೀವೇ ನಿಂತು ದಾರಿ ಬಿಡಬೇಕು. ಗುಡ್ಡದ ರಸ್ತೆಯಲ್ಲಿ ಹತ್ತುವವರಿಗೆ ಮೊದಲ ಹಕ್ಕು ಅನ್ನುವುದು ನಿಯಮವೂ ಹೌದು, ಮರ್ಯಾದೆಯೂ ಹೌದು. ಮಂಗಗಳಿಗೆ ತಿಂಡಿ ಹಾಕಬೇಡಿ. ತಿಂಡಿಯ ಆಸೆಗೆ ರಸ್ತೆಗೆ ಬಂದು ಚಕ್ರದಡಿ ಸಾಯುತ್ತವೆ. ಮಗಳಿಗೆ ಇದನ್ನು ಮೊದಲೇ ಹೇಳಿಡಿ.

ಘಾಟಿ ಇಳಿದು ಸೋಮೇಶ್ವರದಿಂದ ಹೆಬ್ರಿ ಕಡೆ ಬರುವಾಗ ಕಾಡಿನೊಳಗೆ ಸೇತುವೆಯಡಿ ಸೀತಾನದಿ ಸಿಗುತ್ತದೆ. ಊರಿನ ಹೆಸರೂ ಸೀತಾನದಿಯೇ. ಬಂಡೆಗಳ ನಡುವೆ ತಿಳಿಯಾಗಿ ಹರಿಯುವ ನೀರು. ಇಲ್ಲಿ ಐದು ನಿಮಿಷ ನಿಂತು ಮಗಳಿಗೆ ಹೊಳೆ ತೋರಿಸಿ. ಇದೇ ಹೊಳೆಯ ಕೊನೆಯನ್ನು ನಾಳೆ ಬೆಳಿಗ್ಗೆ ನೋಡಲಿಕ್ಕಿದೆ.

ಹೆಬ್ರಿಯಿಂದ ಉಡುಪಿಗೆ ಎರಡು ದಾರಿ. ಎಲ್ಲರೂ ಹೋಗುವುದು ಪೆರ್ಡೂರು, ಹಿರಿಯಡ್ಕ, ಮಣಿಪಾಲದ ಮೇಲೆ. ಅದು ಮಲ್ಪೆ-ತೀರ್ಥಹಳ್ಳಿ ಹೆದ್ದಾರಿ, ಅಗಲ ಮಾಡುವ ಕೆಲಸದಿಂದ ಮಣ್ಣು, ಧೂಳು ಜಾಸ್ತಿ. ನೀವು ಕೊಕ್ಕರ್ಣೆ, ಪೇತ್ರಿ ದಾರಿಯಾಗಿ ಬ್ರಹ್ಮಾವರಕ್ಕೆ ಬನ್ನಿ. ರಸ್ತೆ ಸಣ್ಣದು, ಆದರೆ ಅಡಿಕೆ ತೋಟ, ಗದ್ದೆ ಬೈಲು, ಮುರಕಲ್ಲಿನ ಧರೆ (ಕೆಂಪು ಕಲ್ಲಿನ ಕಡಿದಾದ ದಂಡೆ), ಹಂಚಿನ ಮನೆ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಅಕ್ಟೋಬರ್ ಕೊನೆಗೆ ಏಣೆಲು (ಮಳೆಗಾಲದ ಭತ್ತ) ಪೈರು ಹಣ್ಣಾಗಿರುತ್ತದೆ. ಕೆಲವು ಕಡೆ ಕೊಯ್ಲು ಶುರುವಾಗಿರುತ್ತದೆ. ಮಳೆ ತೊಳೆದ ಹಸಿರು ಇನ್ನೂ ಹೋಗಿರುವುದಿಲ್ಲ, ಗದ್ದೆಗೆ ಮಾತ್ರ ಚಿನ್ನದ ಬಣ್ಣ. ವರ್ಷದಲ್ಲಿ ಈ ನೋಟ ಸಿಗುವುದು ಕೆಲವೇ ವಾರ, ನೀವು ಸರಿಯಾದ ಹೊತ್ತಿಗೆ ಬರುತ್ತಿದ್ದೀರಿ.

ಹೆಬ್ರಿಯಲ್ಲೇ ಊಟ ಮುಗಿಸಿ ಹೊರಟರೆ ಬ್ರಹ್ಮಾವರದ ಹತ್ತಿರದ ಬಾರ್ಕೂರಿಗೂ ಸಮಯ ಉಳಿಯುತ್ತದೆ. ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿದ್ದ ಊರು ಅದು, ಸೀತಾನದಿಯ ದಡದಲ್ಲೇ ಇದೆ. ಕತ್ತಲೆ ಬಸದಿಯ ಕಲ್ಲಿನ ಮಾಡು (ಛಾವಣಿ) ನೋಡಿ. ಇಲ್ಲಿನ ಮಳೆಗೆ ತಕ್ಕ ಹಾಗೆ ಕಲ್ಲನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಮಾವನವರಿಗೆ ಇತಿಹಾಸದಲ್ಲಿ ಆಸಕ್ತಿ ಇದ್ದರೆ ಒಂದು ಗಂಟೆ ಸಾಲದು. ಇಲ್ಲವಾದರೆ ನೇರ ಉಡುಪಿಗೆ ಹೋಗಿ ಮಲಗಿ, ಆ ದಿನಕ್ಕೆ ಅಷ್ಟು ಸಾಕು.

ಎರಡನೆಯ ದಿನ ಈ ಪ್ರವಾಸದ ಮುಖ್ಯ ದಿನ. ಬೆಳಿಗ್ಗೆ ಒಂದು ಮರಳಪಟ್ಟಿ, ಸಂಜೆ ಇನ್ನೊಂದು. ನಡುವೆ ಬಿಸಿಲು ಏರಿದಾಗ ನೆರಳಿನ ಹಳ್ಳಿ ದಾರಿ.

ಆರೂವರೆಗೆ ಹೊರಟು ಕಲ್ಯಾಣಪುರ ಸಂತೆಕಟ್ಟೆಯಿಂದ ಕೆಮ್ಮಣ್ಣು ರಸ್ತೆ ಹಿಡಿಯಿರಿ. ಬಲಗಡೆ ಸ್ವರ್ಣಾ ನದಿ ಆಗಾಗ ಇಣುಕುತ್ತದೆ. ಹೊಳೆಯ ನಡುವಿನ ದ್ವೀಪಗಳಿಗೆ ನಮ್ಮಲ್ಲಿ ಕುದ್ರು ಅನ್ನುತ್ತಾರೆ. ಕೆಮ್ಮಣ್ಣಿನಲ್ಲಿ ತಿಮ್ಮಣ್ಣಕುದ್ರುವಿಗೆ ಹೋಗುವ ತೂಗುಸೇತುವೆ ಇದೆ. ಅಲ್ಲಿ ಬದುಕುವವರು ದಿನಾ ಓಡಾಡುವ ದಾರಿ ಅದು. ಮಕ್ಕಳಿಗೆ ಅಲುಗಾಡಿಸುವ ಆಸೆ ಬರುತ್ತದೆ, ಬಿಡಬೇಡಿ. ಮುಂದೆ ಹೂಡೆ. ಹೂಡೆಯಿಂದ ಬೆಂಗ್ರೆಗೆ ಹೋಗುವ ರಸ್ತೆಯಲ್ಲಿ ಪಟ್ಟಿ ಸಣ್ಣದಾಗುತ್ತಾ ಹೋಗುತ್ತದೆ. ಎಡಕ್ಕೆ ಕಡಲ ಸದ್ದು, ಬಲಕ್ಕೆ ಹೊಳೆಯಲ್ಲಿ ಸಾಲು ದೋಣಿ. ಅಂಗಳದಲ್ಲಿ ಬಲೆ ಹರಡಿ ಅದರ ಹರಿದ ಕಣ್ಣು ಹೊಲಿಯುತ್ತಿರುವವರು ಕಾಣುತ್ತಾರೆ. ದಡದಿಂದಲೇ ಬಲೆ ಬೀಸಿ ಹತ್ತಾರು ಜನ ಸೇರಿ ಎಳೆಯುವ ಕೈರಂಪಣಿ ಕಣ್ಣಿಗೆ ಬಿದ್ದರೆ ಕಾರು ನಿಲ್ಲಿಸಿ ಪೂರ್ತಿ ನೋಡಿ. ಹಗ್ಗ ಹಿಡಿಯಲು ಮಗಳನ್ನು ಕರೆದರೂ ಕರೆದಾರು.

ರಸ್ತೆ ಮುಗಿಯುವುದು ಕೋಡಿಬೆಂಗ್ರೆಯ ಅಳಿವೆಯಲ್ಲಿ. ಒಂದು ಕಡೆಯಿಂದ ಸ್ವರ್ಣಾ, ಇನ್ನೊಂದು ಕಡೆಯಿಂದ ಸೀತಾ, ಎದುರಿಗೆ ಕಡಲು. ನಿನ್ನೆ ಕಾಡಿನ ಸೇತುವೆಯಡಿ ಬಂಡೆ ಹಾರುತ್ತಿದ್ದ ನೀರು ಇಲ್ಲಿ ದೊಡ್ಡ ಬಯಲಿನಷ್ಟು ಅಗಲವಾಗಿದೆ. ಶಾಲೆಯ ಪುಸ್ತಕದಲ್ಲಿ ನದಿ ಹುಟ್ಟಿ ಕಡಲು ಸೇರುತ್ತದೆ ಅಂತ ಓದಿದ ಮಗುವಿಗೆ ಎರಡೂ ತುದಿಯನ್ನು ಒಂದೇ ದಿನದ ಅಂತರದಲ್ಲಿ ತೋರಿಸಲು ಆಗುವುದು ಇಂಥ ಗಿಡ್ಡ ಹೊಳೆಗಳ ನಾಡಿನಲ್ಲೇ. ಆದರೆ ಅಳಿವೆಯಲ್ಲಿ ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಅಡಿಯಲ್ಲಿ ಸೆಳೆತ ಜೋರು. ಕಡಲ ಇಳಿತದ ಹೊತ್ತಿನಲ್ಲಂತೂ ಹೊಳೆಯ ನೀರೆಲ್ಲ ಒಂದೇ ಬಾಗಿಲಲ್ಲಿ ಹೊರಗೆ ನುಗ್ಗುತ್ತಿರುತ್ತದೆ.

ವಾಪಸ್ ಹೂಡೆವರೆಗೆ ಅದೇ ದಾರಿ. ಅಲ್ಲಿಂದ ಬಡಾನಿಡಿಯೂರು, ತೊಟ್ಟಂ ಮೂಲಕ ಮಲ್ಪೆಗೆ ಬಂದು ಉಡುಪಿ ಸೇರಿ. ಒಂಬತ್ತಕ್ಕೆ ಬನ್ಸೋ ನೀರುದೋಸೆಯೋ ತಿಂದು ಒಂದಿಷ್ಟು ವಿಶ್ರಾಂತಿ.

ಹನ್ನೊಂದರ ಮೇಲೆ ಕಡಲ ಪಕ್ಕ ಹೋಗುವುದು ವ್ಯರ್ಥ. ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ, ಅತ್ತೆ ಮಾವನಿಗೆ ಸುಸ್ತು. ಆಗ ಕಟಪಾಡಿಗೆ ಬಂದು ಎಡಕ್ಕೆ ತಿರುಗಿ ಶಂಕರಪುರ ರಸ್ತೆ ಹಿಡಿಯಿರಿ. ಉಡುಪಿ ಮಲ್ಲಿಗೆ ಅಂತ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಹೂವು ಬೆಳೆಯುವ ಊರು ಇದು. ಮನೆ ಅಂಗಳದಲ್ಲೇ ಮಲ್ಲಿಗೆ ಗಿಡಗಳ ಸಾಲು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಕೊಡುತ್ತಾರೆ. ವ್ಯಾಪಾರ ಚೆಂಡು, ಅಟ್ಟೆಯ ಲೆಕ್ಕದಲ್ಲಿ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅತ್ತೆಗೆ ಒಂದು ಚೆಂಡು ಕೊಡಿಸಿ, ಇಡೀ ಕಾರು ಘಮ್ ಅನ್ನುತ್ತದೆ. ಹತ್ತಿರದಲ್ಲೇ ಕುಂಜಾರುಗಿರಿ, ಅದರ ಬುಡದಲ್ಲಿ ಮಧ್ವಾಚಾರ್ಯರು ಹುಟ್ಟಿದ ಪಾಜಕ. ಅಲ್ಲಿಂದ ಶಿರ್ವ, ಮಜೂರು ದಾರಿಯಾಗಿ ಕಾಪುವಿಗೆ ಬರಬಹುದು. ಏರು, ಇಳಿವು, ಗೇರುಬೀಜದ ಗುಡ್ಡ, ನಾಗಬನ, ಚರ್ಚು, ಮಸೀದಿ, ಗದ್ದೆ. ಯಾವ ಪ್ರವಾಸಿ ಫಲಕವೂ ಇಲ್ಲದ ರಸ್ತೆ, ನನಗೆ ತುಂಬಾ ಇಷ್ಟವಾದದ್ದು.

ಕಾಪು ದೀಪಸ್ತಂಭಕ್ಕೆ ನಾಲ್ಕರ ಸುಮಾರಿಗೆ ಬನ್ನಿ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್. ಒಳಗೆ ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಮೆಟ್ಟಿಲು ಕಡಿದಾಗಿದೆ, ಮಂಡಿನೋವು ಇದ್ದವರು ಕೆಳಗೆ ಬಂಡೆಯ ಮೇಲೆ ಕೂತರೂ ಆಯಿತು. ಮೇಲಿನಿಂದ ಉತ್ತರಕ್ಕೆ ನೋಡಿದರೆ ಕಡಲ ಅಂಚಿನ ತೆಂಗಿನ ಸಾಲು ಉದ್ದಕ್ಕೆ ಹೋಗಿರುತ್ತದೆ. ಅದರೊಳಗಿನ ರಸ್ತೆಯೇ ನಿಮ್ಮ ಮುಂದಿನ ದಾರಿ: ಕಾಪು, ಕೈಪುಂಜಾಲು, ಮಟ್ಟು, ಕನಕೋಡ, ಪಡುಕೆರೆ, ಮಲ್ಪೆ.

ಇದನ್ನು ದಕ್ಷಿಣದಿಂದ ಉತ್ತರಕ್ಕೆ ಹೋಗಿ ಅಂತ ಹೇಳಲು ಕಾರಣವಿದೆ. ನಾವು ಎಡಗಡೆ ಓಡಿಸುವವರು. ಉತ್ತರಕ್ಕೆ ಮುಖ ಮಾಡಿದರೆ ಕಡಲು ಎಡಕ್ಕೆ ಬರುತ್ತದೆ. ರಸ್ತೆ ದಾಟದೆ ನಿಲ್ಲಿಸಬಹುದು, ಮಗಳು ಎಡಬಾಗಿಲಿನಿಂದ ಇಳಿಯಬಹುದು. ಮುಳುಗುವ ಸೂರ್ಯ ಪಕ್ಕದಲ್ಲಿರುತ್ತಾನೆ, ನಿಮ್ಮ ಕಣ್ಣಿಗೆ ನೇರ ಹೊಡೆಯುವುದಿಲ್ಲ. ಆ ತಿಂಗಳಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು. ಐದಕ್ಕೆ ಕಾಪು ಬಿಟ್ಟರೆ ಮಟ್ಟುವಿನಲ್ಲೋ ಪಡುಕೆರೆಯಲ್ಲೋ ಸಿಗುತ್ತದೆ.

ಮಟ್ಟುವಿನಲ್ಲಿ ರಸ್ತೆಯ ಬಲಕ್ಕೆ ಹೊಳೆ, ಎಡಕ್ಕೆ ಕಲ್ಲಿನ ತಡೆಗೋಡೆ, ಅದರಾಚೆ ಕಡಲು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮಟ್ಟುಗುಳ್ಳ ಅನ್ನುವ ಬದನೆ ಬೆಳೆಯುವುದು ಈ ಊರಿನ ಮರಳು ಮಿಶ್ರಿತ ಗದ್ದೆಗಳಲ್ಲೇ. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದು ಅಂತ ಇಲ್ಲಿನವರ ನಂಬಿಕೆ. ನೀವು ಬರುವ ಹೊತ್ತಿಗೆ ಗಿಡ ಎಳೆಯದು, ಕಾಯಿ ಸಿಗುವುದು ಡಿಸೆಂಬರ್ ನಂತರ. ತಡೆಗೋಡೆಯ ದೊಡ್ಡ ಕಲ್ಲುಗಳನ್ನು ನೋಡಿ ಕೆಲವರು ಬೇಸರ ಪಡುತ್ತಾರೆ, ಮರಳು ಎಲ್ಲಿ ಅಂತ ಕೇಳುತ್ತಾರೆ. ಮಳೆಗಾಲದ ಕಡಲ್ಕೊರೆತದಲ್ಲಿ ತೆಂಗಿನ ಮರ, ರಸ್ತೆ, ಮನೆ ಹೋಗುವುದನ್ನು ಕಂಡ ಜನ ಇವರು. ಆ ಕಲ್ಲು ಅವರ ಉಳಿವು.

ಈ ರಸ್ತೆಯಲ್ಲಿ ಎರಡು ಕಾರು ಸಲೀಸಾಗಿ ದಾಟಲಾರವು. ಎದುರಿಗೆ ಗಾಡಿ ಬಂದರೆ ಯಾವುದಾದರೂ ಮನೆಯ ಗೇಟಿನ ಎದುರು ಗಟ್ಟಿ ನೆಲ ನೋಡಿ ನಿಲ್ಲಿ. ಮರಳಿಗೆ ಚಕ್ರ ಇಳಿಸಬೇಡಿ. ಹೊರಗಿನ ಕಾರುಗಳು ಹೂತುಹೋಗುವುದು ಹೀಗೆಯೇ. ಹೂತರೆ ಎಕ್ಸಲರೇಟರ್ ಒತ್ತಬೇಡಿ, ಚಕ್ರ ಇನ್ನೂ ಆಳಕ್ಕೆ ಇಳಿಯುತ್ತದೆ. ಮುಂದಿನ ಚಕ್ರಗಳ ಗಾಳಿ ಸ್ವಲ್ಪ ಇಳಿಸಿ, ಚಕ್ರದ ಎದುರು ಒಣ ತೆಂಗಿನ ಮಡಲು (ಗರಿ) ಇಟ್ಟು, ನಿಧಾನವಾಗಿ ಕಾರು ಹೊರತೆಗೆಯಿರಿ. ಹತ್ತಿರದ ಮನೆಯವರನ್ನು ಕೇಳಿದರೆ ಕೈಕೊಡುತ್ತಾರೆ, ಅವರಿಗೆ ಇದು ಹೊಸತಲ್ಲ. ಮತ್ತೆ ಇದು ಜನರ ಅಂಗಳದ ರಸ್ತೆ. ಮಕ್ಕಳು ಆಡುತ್ತಿರುತ್ತಾರೆ, ಮೀನು ಒಣಗಿಸಿರುತ್ತಾರೆ. ಜೋರು ಹಾಡು ಹಾಕಬೇಡಿ, ಬಾಟಲಿ ಬಿಸಾಡಬೇಡಿ. ಇಪ್ಪತ್ತು, ಮೂವತ್ತರ ವೇಗ ಸಾಕು. ಭಾನುವಾರ ಸಂಜೆ ಈ ಕಡೆ ಬರಲೇಬೇಡಿ, ಬೈಕು ಕಾರುಗಳೇ ತುಂಬಿರುತ್ತವೆ. ದಿನಗಳನ್ನು ಹಿಂದೆ ಮುಂದೆ ಮಾಡಿಯಾದರೂ ಇದನ್ನು ವಾರದ ನಡುವೆ ಇಟ್ಟುಕೊಳ್ಳಿ.

ಪಡುಕೆರೆ ಸೇತುವೆ ಹತ್ತಿದರೆ ಕೆಳಗೆ ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಬೋಟುಗಳೆಲ್ಲ ಇಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಅಕ್ಟೋಬರಿನಲ್ಲಿ ಹೋಗಿ ಬರುವ ಗಡಿಬಿಡಿ. ಸೇತುವೆಯ ಮೇಲೆ ಕಾರು ನಿಲ್ಲಿಸಬೇಡಿ. ಅತ್ತ ದಾಟಿ, ಕಾರು ಬಿಟ್ಟು, ನಡೆದು ಬಂದು ನೋಡಿ.

ಮೂರನೆಯ ದಿನ ದಕ್ಷಿಣಕ್ಕೆ. ಇದನ್ನು ಅರ್ಧ ದಿನದಲ್ಲಿ ಮುಗಿಸಬಹುದು. ಶಿರ್ವದಿಂದ ಬೆಳ್ಮಣ್, ಮುಂಡ್ಕೂರು ದಾಟಿ, ಶಾಂಭವಿ ಹೊಳೆಯ ಸೇತುವೆ ಮೇಲೆ ದಕ್ಷಿಣ ಕನ್ನಡಕ್ಕೆ ಹೋಗಿ, ಕಿನ್ನಿಗೋಳಿ ಮೂಲಕ ಕಟೀಲು. ಅಲ್ಲಿ ನಂದಿನಿ ಹೊಳೆಯ ನಡುವೆಯೇ ದುರ್ಗಾಪರಮೇಶ್ವರಿ ದೇವಸ್ಥಾನ. ಮಧ್ಯಾಹ್ನದ ಊಟ ಅಲ್ಲೇ ಆಗುತ್ತದೆ. ವಾಪಸ್ ಬರುವಾಗ ಕಿನ್ನಿಗೋಳಿಯಿಂದ ಪಕ್ಷಿಕೆರೆ ದಾರಿಯಾಗಿ ಹಳೆಯಂಗಡಿಗೆ ಇಳಿದು, ಹೈವೇ ದಾಟಿ ಸಸಿಹಿತ್ಲಿಗೆ ಹೋಗಿ. ಬೆಳಿಗ್ಗೆ ಬೇರೆ ಬೇರೆಯಾಗಿ ನೋಡಿದ ನಂದಿನಿ, ಶಾಂಭವಿಗಳು ಇಲ್ಲಿ ಸೇರಿ ಕಡಲಿಗೆ ಬೀಳುತ್ತವೆ. ಸರ್ಫಿಂಗ್ ಮಾಡುವವರ ನೆಚ್ಚಿನ ಜಾಗ ಇದು. ಮಗಳಿಗೆ ನೋಡಲು ಖುಷಿ. ನೀರಿಗಿಳಿದು ಆಡಲೇಬೇಕು ಅಂದರೆ ಹಿಂತಿರುಗುವಾಗ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ (ಸ್ವಚ್ಛತೆ, ಸುರಕ್ಷತೆಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ) ಬೀಚಿಗೆ ಕರೆದುಕೊಂಡು ಹೋಗಿ. 2020ರಲ್ಲಿ ಆ ಮಾನ್ಯತೆ ಸಿಕ್ಕಿತು. ಕಾವಲಿನವರು, ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಎಲ್ಲ ಇವೆ.

ಮಂಗಳೂರಿನ ತಣ್ಣೀರುಬಾವಿಯೂ ಇಂಥದ್ದೇ ಪಟ್ಟಿ. ಆದರೆ ಕೂಳೂರು, ಪಣಂಬೂರು ಕಡೆಯಿಂದ ಹೋಗುವ ರಸ್ತೆ ಟ್ಯಾಂಕರುಗಳದ್ದು. ಅಲ್ಲಿಗೆ ಹೋಗಬೇಕಾದರೆ ಕಾರನ್ನು ಸುಲ್ತಾನ್ ಬತ್ತೇರಿಯಲ್ಲಿ ಬಿಟ್ಟು ದೋಣಿಯಲ್ಲಿ ಹೊಳೆ ದಾಟುವುದೇ ಚೆಂದ. ಕಾರ್ಕಳದಿಂದ ಮಾಳ ಘಾಟಿ ಹತ್ತಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹೋಗುವ ರಸ್ತೆಯನ್ನು ನಿಮಗೆ ಯಾರಾದರೂ ಖಂಡಿತ ಹೇಳುತ್ತಾರೆ. ರಸ್ತೆ ನಿಜಕ್ಕೂ ಅದ್ಭುತ. ಆದರೆ ಚೆಕ್‌ಪೋಸ್ಟಿನಲ್ಲಿ ಚೀಟಿ ಪಡೆದು ಗೊತ್ತುಪಡಿಸಿದ ಸಮಯದೊಳಗೆ ದಾಟಬೇಕು, ನಡುವೆ ಬೇಕಾದಲ್ಲಿ ನಿಲ್ಲುವಂತಿಲ್ಲ. ವಯಸ್ಸಾದವರು, ಮಗು ಇರುವಾಗ ಅದು ಅವಸರದ ಓಟವಾಗುತ್ತದೆ. ಇನ್ನೊಂದು ಸಲ ಬನ್ನಿ.

ಹೊರಡುವ ದಿನ ಬೆಳಿಗ್ಗೆ ಆರಕ್ಕೆ ಉಡುಪಿ ಬಿಡಿ. ಕುಂದಾಪುರ ದಾಟಿ ತ್ರಾಸಿ ಬಂದ ಮೇಲೆ ವೇಗ ಇಳಿಸಿ. ಮರವಂತೆಯನ್ನು ಎಲ್ಲರೂ ಸಂಜೆ ನೋಡುತ್ತಾರೆ. ನನ್ನ ಮಾತು ಕೇಳುವುದಾದರೆ ಬೆಳಿಗ್ಗೆ ನೋಡಿ. ಸೂರ್ಯ ಘಟ್ಟದ ಹಿಂದಿನಿಂದ ಏರುವಾಗ ಬೆಳಕು ಮೊದಲು ಬೀಳುವುದು ಸೌಪರ್ಣಿಕೆಯ ಮೇಲೆ. ಮಂಜು ಇರದಿದ್ದರೆ ಹಿನ್ನೆಲೆಯಲ್ಲಿ ಕೊಡಚಾದ್ರಿಯ ಸಾಲು ಕಾಣುತ್ತದೆ. ರಸ್ತೆಯ ಇನ್ನೊಂದು ಬದಿಯ ಕಡಲು ಆ ಹೊತ್ತಿಗೆ ಇನ್ನೂ ನೀಲಿ, ತಣ್ಣಗೆ. ಜನ ಇರುವುದಿಲ್ಲ, ಲಾರಿಗಳೂ ಕಡಿಮೆ. ಇಲ್ಲೂ ಉತ್ತರಕ್ಕೆ ಹೋಗುವಾಗ ಕಡಲು ಎಡಕ್ಕೇ ಬರುತ್ತದೆ. ನಿಲ್ಲಿಸಲು ಬಿಟ್ಟ ಜಾಗದಲ್ಲೇ ನಿಲ್ಲಿಸಿ. ಹೊಳೆ ನೋಡಲು ನಾಲ್ಕು ಪಥ ದಾಟಬೇಕು, ಮಗಳ ಕೈ ಬಿಡಬೇಡಿ. ಇದು ಹೆದ್ದಾರಿ, ಗಾಡಿಗಳು ಎಂಬತ್ತರ ಮೇಲೇ ಬರುತ್ತವೆ. ಕಡಲಿಗೆ ಇಳಿಯುವುದಂತೂ ಬೇಡ. ಇಲ್ಲಿ ದಡದ ಪಕ್ಕದಲ್ಲೇ ಆಳ.

ನಾವುಂದ, ಉಪ್ಪುಂದ ದಾಟಿ ಬೈಂದೂರು. ಸ್ವಲ್ಪ ಮುಂದೆ ಒತ್ತಿನೆಣೆ ಗುಡ್ಡ. ಮೇಲೆ ನಿಂತರೆ ಬೈಂದೂರಿನ ಸೋಮೇಶ್ವರದ ಕಡಲ ಕಿನಾರೆ ಕಾಲಡಿಯಲ್ಲಿ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಕಡಲನ್ನು ಎತ್ತರದಿಂದ ನೋಡುವ ಅವಕಾಶ ಉಡುಪಿ ಜಿಲ್ಲೆಯಲ್ಲಿ ಹೆಚ್ಚು ಕಡೆ ಇಲ್ಲ. ಕಾಲು ಗಂಟೆ ಕೊಡಿ.

ಬೈಂದೂರಿಗೆ ವಾಪಸ್ ಬಂದು, ಪೆಟ್ರೋಲ್ ಹಾಕಿಸಿಕೊಂಡು, ಟೈರಿನ ಗಾಳಿ ನೋಡಿಸಿ ಕೊಲ್ಲೂರು ರಸ್ತೆ ಹಿಡಿಯಿರಿ. ಗದ್ದೆಗಳು ಕಡಿಮೆಯಾಗಿ ರಬ್ಬರು, ಅಡಿಕೆ, ಆಮೇಲೆ ಮೂಕಾಂಬಿಕಾ ವನ್ಯಧಾಮದ ಕಾಡು. ಕೊಲ್ಲೂರಿನಲ್ಲಿ ಮತ್ತೆ ಸೌಪರ್ಣಿಕೆ ಸಿಗುತ್ತದೆ, ಈಗ ಸಣ್ಣ ಹೊಳೆಯಾಗಿ. ದರ್ಶನ, ಊಟ ಮುಗಿಸಿ ಹನ್ನೆರಡೂವರೆಗೆ ಘಾಟಿ ಹತ್ತಲು ಶುರು ಮಾಡಿ. ನಾಗೋಡಿ ದಾಟುವ ಈ ಘಾಟಿ ಆಗುಂಬೆಯಷ್ಟು ಕಡಿದಲ್ಲ, ತಿರುವುಗಳೂ ಸಲೀಸು. ನೀವು ಹತ್ತುವವರಾದ್ದರಿಂದ ದಾರಿಯ ಹಕ್ಕೂ ನಿಮ್ಮದೇ. ಆದರೆ ಎದುರಿನವರು ಅದನ್ನು ಬಲ್ಲವರೇ ಅಂತ ನಂಬಿಕೊಂಡು ಹೋಗಬೇಡಿ, ಪ್ರತಿ ಕುರುಡು ತಿರುವಿನಲ್ಲಿ ಹಾರ್ನ್ ಮಾಡಿ. ಕೆಲವು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಜೋರಾಗಿ ಬಂದರೆ ಧರೆಯ ಬುಡದಲ್ಲೂ ಮರದಡಿಯಲ್ಲೂ ನಿಲ್ಲಿಸದೆ, ಬಯಲು ಸಿಕ್ಕಲ್ಲಿ ನಿಂತು ಅರ್ಧ ಗಂಟೆ ಕಾಯಿರಿ. ಹಿಂದಿನ ದಿನ ಭಾರೀ ಮಳೆಯಾಗಿದ್ದರೆ ರಸ್ತೆ ತೆರೆದಿದೆಯೇ ಅಂತ ಕೊಲ್ಲೂರಿನ ಬಸ್ ಡ್ರೈವರುಗಳನ್ನು ಕೇಳಿ. ದಿನಾ ಹತ್ತಿ ಇಳಿಯುವ ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿರುವುದಿಲ್ಲ.

ಘಾಟಿ ಹತ್ತಿದ ಮೇಲೆ ನಿಟ್ಟೂರು, ನಗರ. ಕೆಳದಿ ಅರಸರ ಬಿದನೂರು ಅಂದರೆ ಇದೇ ನಗರ, ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ಮೂರು ಗಂಟೆಯೊಳಗೆ ಮುಟ್ಟಿದ್ದರೆ ಹತ್ತಿ ನೋಡಿ, ತಡವಾಗಿದ್ದರೆ ಬಿಡಿ. ಮುಂದೆ ಹೊಸನಗರ, ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಕತ್ತಲಾಗುವ ಮೊದಲು ಸೇರಬೇಕು. ಮಲೆನಾಡಿನ ಆ ರಸ್ತೆಗಳಲ್ಲಿ ಸಂಜೆ ದನಗಳು ಮನೆಗೆ ಹೊರಟಿರುತ್ತವೆ, ತಿರುವಿನ ಆಚೆ ರಸ್ತೆ ತುಂಬಾ ಅವೇ ಇರಬಹುದು. ಶಿವಮೊಗ್ಗದಲ್ಲಿ ಕಾಫಿ ಕುಡಿದು, ಒಂದು ಗಂಟೆ ಕಾಲು ಚಾಚಿ, ಆಮೇಲೆ ದಾವಣಗೆರೆಗೆ ಹೊರಡಿ. ಸುಸ್ತಾಗಿದ್ದರೆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೋಗಿ.